ಸದ್ದು ನಿಂತ ಬ್ರೇಕು

ನಮ್ಮ ಮನೆಯಲ್ಲಿ ದೇವರ ಗೂಡಿಗಿಂತ ಹೆಚ್ಚು ಮಡಿ ಇದ್ದದ್ದು ಅಪ್ಪನ ಸಾಮಾನಿನ ಬೀರುವಿಗೆ. ದೇವರ ಗೂಡನ್ನಾದರೂ ಅಮ್ಮ ಒರೆಸಬಹುದಿತ್ತು, ದೀಪ ಹಚ್ಚಬಹುದಿತ್ತು. ಬೀರುವಿನ ಹತ್ತಿರ ಹೆಂಗಸಿನ ಸೆರಗೂ ಸುಳಿಯುವ ಹಾಗಿರಲಿಲ್ಲ. ಆಯುಧಪೂಜೆಯ ದಿನ ಸ್ಪ್ಯಾನರುಗಳಿಗೆ ಕುಂಕುಮ ಇಡುವವನೂ ಅಪ್ಪನೇ. ಅಮ್ಮ ಆರತಿ ತಟ್ಟೆ ಹಿಡಿದುಕೊಂಡು ನಡುಮನೆಯ ಹೊಸ್ತಿಲ ಈಚೆಗೇ ನಿಂತು ಅಲ್ಲಿಂದಲೇ ಎತ್ತಬೇಕಿತ್ತು. ನನಗೆ ಮಾತ್ರ ರಿಯಾಯಿತಿ. ಮೈನೆರೆಯುವ ತನಕ ಹುಡುಗಿ ಹುಡುಗಿಯಲ್ಲ ಅನ್ನುವುದು ಅಜ್ಜಿಯ ಲೆಕ್ಕ. ನನ್ನ ಹಿಂದೆ ಹುಟ್ಟಿದವು ಯಾವುವೂ ಉಳಿಯಲಿಲ್ಲ, ಗಂಡು ಮಗ ಅಂತ ಅಪ್ಪನಿಗೆ ಯಾರೂ ಇರಲಿಲ್ಲ. ಹಾಗಾಗಿ ಬಿಚ್ಚಿದ ನಟ್ಟು ಬೋಲ್ಟು ಕಳೆಯದ ಹಾಗೆ ತಗಡಿನ ಡಬ್ಬದಲ್ಲಿ ಹಿಡಿದುಕೊಂಡು ಕೂರುವ ಕೆಲಸ ನನ್ನದಾಯಿತು. ಐದನೇ ಕ್ಲಾಸಿಗೆ ನನ್ನ ಓದು ನಿಂತಿತು. ಆ ಡಬ್ಬ ಹಿಡಿದು ಕಲಿತದ್ದೇ ಜಾಸ್ತಿ.

ಮನೆ ಇದ್ದದ್ದು ತಿಲಕ್ ನಗರದಲ್ಲಿ. ಮೂರು ಕೋಣೆ, ರೈಲು ಡಬ್ಬಿಯ ಹಾಗೆ ಒಂದರ ಹಿಂದೆ ಒಂದು. ಬೀದಿಗೆ ತೆರೆದುಕೊಂಡದ್ದು ಅಪ್ಪನ ಕೆಲಸದ ಕೋಣೆ. ಎರಡೂ ರೆಕ್ಕೆ ತೆಗೆದರೆ ಮೋಟಾರ್‌ಸೈಕಲ್ಲು ಒಳಗೆ ಬರುವಷ್ಟು ಅಗಲದ ಬಾಗಿಲು. ನಡುವಿನದು ಉಣ್ಣುವುದಕ್ಕೆ, ಮಲಗುವುದಕ್ಕೆ, ಅಜ್ಜಿ ಗೊಣಗುವುದಕ್ಕೆ. ಹಿಂದಿನದು ಅಡುಗೆಮನೆ, ಅದರ ಮೂಲೆಯಲ್ಲೇ ಬಚ್ಚಲು. ಒಲೆಯ ಮುಂದೆ ಕೂತರೆ ಎರಡು ಬಾಗಿಲು ದಾಟಿ ನೇರವಾಗಿ ಬೀದಿ ಕಾಣುತ್ತಿತ್ತು. ಬೀದಿಗಿಂತ ಮೊದಲು ಕಾಣುತ್ತಿದ್ದದ್ದು ಅಪ್ಪನ ಬೆನ್ನು. ಅಮ್ಮ ಅವನ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದವಳು. ಮನೆಯ ತುಂಬ ಪೆಟ್ರೋಲ್ ವಾಸನೆ. ಸೊಪ್ಪಿನ ಸಾರಿಗೆ ಎಷ್ಟು ಬೆಳ್ಳುಳ್ಳಿ ಒಗ್ಗರಣೆ ಹಾಕಿದರೂ ಬಟ್ಟಲು ಮೂಗಿನ ಹತ್ತಿರ ಬಂದಾಗ ಮೊದಲು ಬಡಿಯುತ್ತಿದ್ದದ್ದು ಪೆಟ್ರೋಲೇ. ನನಗೆ ಅದರಿಂದ ಬೇಜಾರಿರಲಿಲ್ಲ. ಎಲ್ಲರ ಮನೆಯ ಸಾರೂ ಹೀಗೇ ಇರುತ್ತದೆ ಅಂದುಕೊಂಡಿದ್ದೆ.

ಅಪ್ಪನಿಗೆ ಇದ್ದದ್ದು ಕಿವಿ. ಬೀದಿಯ ತಿರುವಿನಲ್ಲಿ ಗಾಡಿ ಬರುತ್ತಿರುವಾಗಲೇ ಅದಕ್ಕೆ ಏನಾಗಿದೆ ಅಂತ ಹೇಳಿಬಿಡುತ್ತಿದ್ದ. ಹೊರಗೆ ಅದರಿಂದ ಅನ್ನ ಹುಟ್ಟಿತು. ಒಳಗೆ ಅದೇ ಕಿವಿ ನಮ್ಮನ್ನು ಹಿಂಡಿತು. ತಟ್ಟೆ ಕೆರೆದ ಸದ್ದಾದರೆ ತಲೆ ಎತ್ತುತ್ತಿದ್ದ. ಅಮ್ಮ ಕಾಲೆಳೆದು ನಡೆದರೆ ತಲೆ ಎತ್ತುತ್ತಿದ್ದ. ಬೈಯುತ್ತಿರಲಿಲ್ಲ, ಹೊಡೆದದ್ದಂತೂ ನಾನು ನೋಡಿಲ್ಲ. ಬರೀ ತಲೆ ಎತ್ತಿ ನೋಡುವುದು, ಮತ್ತೆ ಮುದ್ದೆ ಮುರಿಯುವುದು. ಬೈಯುವ ಭಾಗವನ್ನು ಅಜ್ಜಿ ವಹಿಸಿಕೊಂಡಿದ್ದಳು. ಅವಳು ಅಪ್ಪನ ತಾಯಿ, ಮಗನ ಹುಬ್ಬು ಅಲುಗಿದರೆ ಅದಕ್ಕೆ ಮಾತು ಕೊಡುವವಳು. ಬಾಗಿಲು ಕಿರುಗುಟ್ಟಿದರೆ ಸೊಸೆಯ ಸೋಮಾರಿತನ, ವಠಾರದ ಬಾವಿಯ ರಾಟೆ ಕಿರುಗುಟ್ಟಿದರೂ ಸೊಸೆಯ ಸೋಮಾರಿತನ. ಒಲೆಯ ಪಕ್ಕದಲ್ಲಿ ಮೂತಿ ಇರುವ ಹಿತ್ತಾಳೆ ಗಿಂಡಿಯಲ್ಲಿ ಹರಳೆಣ್ಣೆ ಸದಾ ತುಂಬಿರುತ್ತಿತ್ತು. ಬಾಗಿಲ ತಿರುಗಣಿಗೆ, ಕಿಟಕಿಯ ಚಿಲಕಕ್ಕೆ, ರಾಟೆಗೆ, ಶನಿವಾರ ನನ್ನ ತಲೆಗೆ, ಎಲ್ಲದಕ್ಕೂ ಅದೇ ಎಣ್ಣೆ. ಅಮ್ಮ ಸಾಕಮ್ಮ ದಿನಕ್ಕೊಂದು ಸಲವಾದರೂ ಗಿಂಡಿ ಹಿಡಿದು ಮನೆ ಸುತ್ತುತ್ತಿದ್ದಳು, ಸದ್ದನ್ನು ಹುಡುಕಿಕೊಂಡು.

ಇಂಥ ಮನೆಯಲ್ಲಿ ಕಿರುಗುಟ್ಟಲು ಶುರು ಮಾಡಿದ್ದು ಅಪ್ಪನ ಸ್ವಂತ ಮೋಟಾರ್‌ಸೈಕಲ್ಲು. ಯಾರೋ ಓಡಿಸಿ ಬಿಟ್ಟದ್ದನ್ನು ಇನ್ಯಾರೋ ಓಡಿಸಿ, ಕೊನೆಗೆ ನಮಗೆ ಬಂದ ಹಳೆಯ ಗಾಡಿ. ಹಿಂದಿನ ಬ್ರೇಕು ಒತ್ತಿದರೆ ಸಾಕು, ಕೊರಳು ಹಿಸುಕಿದ ಹಾಗೆ ಕೂಗುತ್ತಿತ್ತು. ಮುಂದಿನ ಬ್ರೇಕು ಹೆಸರಿಗಷ್ಟೇ ಇದ್ದದ್ದು, ಓಡಿಸುವವರು ಹಿಂದಿನದನ್ನೇ ನಂಬಿಕೊಂಡಿದ್ದ ಕಾಲ. ಎದುರುಗಡೆ ಹೋಟೆಲಿನ ರಾಜಣ್ಣನಿಗೆ ಇದೊಂದು ತಮಾಷೆಯಾಯಿತು. ಅಪ್ಪ ತಿರುವಿನಲ್ಲಿ ಬ್ರೇಕ್ ಹಾಕಿದ ಕೂಡಲೇ ಒಳಗಿದ್ದ ಹುಡುಗರಿಗೆ ಸೀನಣ್ಣನ ಟೀ ಇಡ್ರೋ ಅಂತ ಕೂಗುತ್ತಿದ್ದ. ಕೂತವರು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ, ಹಲ್ಲು ಕಾಣದ ಹಾಗೆ. ಊರಿನ ಗಾಡಿಗಳ ಸದ್ದು ನಿಲ್ಲಿಸುವವನ ಗಾಡಿ ಊರಿಗೇ ಕೇಳುವ ಹಾಗೆ ಕೂಗಿದರೆ ಬೇರೇನು ಮಾಡುತ್ತಾನೆ.

ಆಗ ಕುಮಾರಸ್ವಾಮಿ ಲೇಔಟಿನ ಕಡೆ ದಿಬ್ಬ ಕಡಿದು ರಸ್ತೆ ಮಾಡುತ್ತಿದ್ದರು. ಅಲ್ಲಿನ ಕಂಟ್ರಾಕ್ಟರ್ ಒಬ್ಬರು, ರೆಡ್ಡಿ ಅಂತ, ತಮ್ಮ ಮೇಲ್ವಿಚಾರಕರಿಗೆಲ್ಲ ಮೋಟಾರ್‌ಸೈಕಲ್ಲು ಕೊಡಿಸಿದ್ದರು. ಅಷ್ಟೂ ಗಾಡಿಗಳ ಕೆಲಸ ಒಬ್ಬನಿಗೇ ವಹಿಸುವ ಮಾತಿತ್ತು. ಅದು ಸಿಕ್ಕಿದರೆ ಅಪ್ಪ ಮನೆಯ ಮುಂದಿನ ಕೋಣೆ ಬಿಟ್ಟು ಮುಖ್ಯರಸ್ತೆಯಲ್ಲಿ ಬೋರ್ಡು ಹಾಕಿಕೊಂಡು ಕೂರಬಹುದಿತ್ತು. ರೆಡ್ಡಿಯವರು ಒಂದು ದಿನ ಮನೆಯ ಮುಂದೆ ನಿಂತು ಮಾತಾಡುತ್ತಿದ್ದಾಗ ಅಪ್ಪ ಗಾಡಿ ಪಕ್ಕಕ್ಕೆ ಸರಿಸಲು ಹೋಗಿ ಬ್ರೇಕ್ ಒತ್ತಿದ. ಅದು ಕೂಗಿತು. ರೆಡ್ಡಿಯವರು ಕಿವಿಯ ಮೇಲೆ ಕೈಯಿಟ್ಟುಕೊಂಡರು.

"ಸೀನಪ್ಪ, ಮೊದಲು ನಿಮ್ಮ ಗಾಡಿ ಬಾಯಿ ಮುಚ್ಚಿಸಿ. ಆಮೇಲೆ ಅದರಲ್ಲೇ ದಿಬ್ಬದ ಹತ್ರ ಬನ್ನಿ, ನಮ್ಮದರ ಮಾತಾಡೋಣ."

ತಮಾಷೆಗೇ ಅಂದದ್ದು. ಆದರೆ ಅಪ್ಪ ಅವತ್ತಿನಿಂದ ಬೇರೆಯವರ ಗಾಡಿಗಳನ್ನು ಗೋಡೆಗೆ ಒರಗಿಸಿಟ್ಟು ತನ್ನದನ್ನೇ ಹಿಡಿದುಕೊಂಡ. ಹಿಂದಿನ ಚಕ್ರ ಬಿಚ್ಚಿ ಗೋಣಿಯ ಮೇಲೆ ಮಲಗಿಸಿದ. ಡ್ರಮ್ಮಿನ ಒಳಗೆ ಎರಡು ಶೂ ಇರುತ್ತವೆ, ಅರ್ಧಚಂದ್ರದ ಹಾಗೆ. ನಾವು ಪೆಡಲು ತುಳಿದಾಗ ಅವು ಅಗಲವಾಗಿ ಡ್ರಮ್ಮನ್ನು ಒಳಗಿನಿಂದ ಒತ್ತಿ ಚಕ್ರವನ್ನು ನಿಲ್ಲಿಸಬೇಕು. ಮೊದಲ ದಿನ ಅಪ್ಪ ಧೂಳು ಅಂದ. ಒಣಬಟ್ಟೆಯಲ್ಲಿ ಒರೆಸಿ, ಊದಿ, ಹಾಕಿದ. ಕೂಗಿತು. ಮಾರನೆಯ ದಿನ ಶೂ ಮೇಲೆ ಬೆರಳಾಡಿಸಿ, ಉಜ್ಜಿ ಉಜ್ಜಿ ಗಾಜಾಗಿದೆ ಅಂದ. ಎಮರಿ ಪೇಪರಿನಲ್ಲಿ ತಿಕ್ಕಿ ಹೊಳಪು ತೆಗೆದ. ಒಂದು ಹೊತ್ತು ಸುಮ್ಮನಿದ್ದು ಮತ್ತೆ ಕೂಗಿತು. ಹೊಸ ಶೂ ತಂದು ಹಾಕಿದ. ಹೊಸದೂ ಕೂಗಿತು. ಶೂಗಳನ್ನು ಅಗಲಿಸುವ ಒಂದು ಸಣ್ಣ ಗೂಟ ಇರುತ್ತದೆ, ಅದು ಒಣಗಿದೆ ಅಂದು ಅಲ್ಲಿಗೆ ಅಕ್ಕಿಕಾಳಿನಷ್ಟು ಗ್ರೀಸ್ ಇಟ್ಟ. ಗ್ರೀಸ್ ಮುಟ್ಟಿದ ಬೆರಳಲ್ಲಿ ಶೂ ಮುಟ್ಟಿದರೆ ಕೈ ಮುರೀತೀನಿ ಅಂತ ನನ್ನನ್ನು ಗದರಿಸಿದ. ಗದರಿಸಿದ್ದು ನನ್ನನ್ನು, ಮೆಲ್ಲನೆ. ಒಲೆಯ ಹತ್ತಿರ ಕೂತಿದ್ದ ಅಮ್ಮನಿಗೆ ಕಂಡದ್ದು ಇಷ್ಟೇ: ಗಂಡ ಚಕ್ರದ ಒಳಗೆ ಜಿಡ್ಡು ಇಟ್ಟ, ಅವತ್ತು ಸಂಜೆಯವರೆಗೂ ಗಾಡಿ ಕೂಗಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಕೂಗಿದಾಗ ಅವಳು ಜಿಡ್ಡು ಆರಿಹೋಗಿದೆ ಅಂದುಕೊಂಡಿರಬೇಕು. ಬಾಗಿಲಿಗೂ ಅಷ್ಟೇ ತಾನೆ, ಆರಿದರೆ ಮತ್ತೆ ಬಿಡುವುದು.

ಅವಳು ಒಂದು ಮಾತು ಕೇಳಬಹುದಿತ್ತು ಅಂತ ಈಗ ಯಾರಾದರೂ ಅನ್ನಬಹುದು. ಕೇಳುವ ರಿವಾಜು ನಮ್ಮ ಮನೆಯಲ್ಲಿ ಇರಲಿಲ್ಲ. ಕೆಲಸದ ವಿಷಯ ಅಪ್ಪ ಗಾಡಿಯ ಜೊತೆ ಮಾತಾಡುತ್ತಿದ್ದ, ಹೆಂಡತಿಯ ಜೊತೆ ಅಲ್ಲ. ಏನ್ರೀ ಆಗಿದೆ ಅದಕ್ಕೆ ಅಂತ ಒಂದು ಸಲ ಅಮ್ಮ ನೀರು ಕೊಡುವಾಗ ಕೇಳಿದ್ದು ನನಗೆ ನೆನಪಿದೆ. ಅಪ್ಪ ಲೋಟ ವಾಪಸ್ಸು ಕೊಟ್ಟ, ಅಷ್ಟೇ. ಅಜ್ಜಿ ಒಳಗೆ ಅವಳನ್ನು ಹಿಡಿದು, ಒಲೆ ನೋಡ್ಕೊಳ್ಳೋಳಿಗೆ ಚಕ್ರದ ಉಸಾಬರಿ ಯಾಕೆ ಅಂತ ಶುರು ಮಾಡಿದಳು.

ಕೊನೆಗೆ ಅಪ್ಪ ಶೂಗಳ ಅಂಚು ತಗುಲುತ್ತಿದೆ ಅಂತ ತೀರ್ಮಾನ ಮಾಡಿದ. ಅರ ಹಾಕಿ ಎರಡೂ ಶೂಗಳ ತುದಿಯನ್ನು ಓರೆ ಮಾಡಿದ. ಚಕ್ರ ಕೂರಿಸಿ ತಿರುವಿನ ತನಕ ಹೋಗಿ ಬಂದ. ಕೂಗು ನಮಗೆ ಅಡುಗೆಮನೆಗೇ ಕೇಳಿಸಿತು, ರಾಜಣ್ಣನ ಟೀ ಕೂಗೂ ಹಿಂದೆಯೇ ಬಂತು. ರೆಡ್ಡಿಯವರು ಮಾರನೆಯ ಬೆಳಿಗ್ಗೆ ಬರಹೇಳಿದ್ದರು. ಅಪ್ಪ ಗಾಡಿ ಒಳಗೆ ತಳ್ಳಿ ಉಣ್ಣದೆ ಮಲಗಿದ. ತಟ್ಟೆ ಹಾಗೇ ಉಳಿಯಿತು. ಅಜ್ಜಿ ಗೋಡೆಗೆ ಒರಗಿಕೊಂಡು, ಮಗನಿಗೆ ಕೇಳದಷ್ಟು ಸಣ್ಣ ದನಿಯಲ್ಲಿ, ಅಮ್ಮನಿಗೆ ಹೇಳಿದ ಮಾತು ನಾನು ಕಂಬಳಿಯೊಳಗಿಂದ ಕೇಳಿಸಿಕೊಂಡೆ.

"ನನ್ನ ಮಗ ಉಪವಾಸ ಮಲಗಿದಾನೆ. ಮನೇಲಿ ಕಿರುಗುಟ್ಟೋದು ಯಾವುದೂ ಇರಕೂಡದು ಅಂತ ನಿಂಗೆಷ್ಟು ಸಲ ಹೇಳ್ಬೇಕೇ?"

ಬೆಳಿಗ್ಗೆ ಅಪ್ಪ ಬಚ್ಚಲಿಗೆ ಹೋದಾಗ ಅಮ್ಮ ಮುಂದಿನ ಕೋಣೆಗೆ ಹೋಗಿದ್ದಾಳೆ. ನಾನು ಆಗ ಬಾವಿಯ ಹತ್ತಿರ ನೀರಿನ ಸರದಿಗೆ ನಿಂತಿದ್ದೆ, ಇದನ್ನು ನೋಡಲಿಲ್ಲ. ಆಮೇಲೆ ಅವಳೇ ಹೇಳಿದ್ದು. ಬೀರು ಮುಟ್ಟಲಿಲ್ಲವಂತೆ, ಸ್ಪ್ಯಾನರು ಮುಟ್ಟಲಿಲ್ಲವಂತೆ. ಡ್ರಮ್ಮಿಗೂ ಅದರ ಮುಚ್ಚಳದ ತಟ್ಟೆಗೂ ನಡುವೆ ಕೂದಲೆಳೆಯಂಥ ಸಂದು ಇರುತ್ತದೆ, ಅದಕ್ಕೆ ಗಿಂಡಿಯ ಮೂತಿ ಇಟ್ಟು ಹರಳೆಣ್ಣೆ ಬಿಟ್ಟಳಂತೆ. ಸ್ಟ್ಯಾಂಡಿನ ಮೇಲಿದ್ದ ಗಾಡಿಯ ಚಕ್ರವನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದಳಂತೆ, ಎಣ್ಣೆ ಎಲ್ಲ ಕಡೆ ಇಳಿಯಲಿ ಅಂತ. ಹೊರಗೆ ಸೋರಿದ್ದನ್ನು ಸೆರಗಲ್ಲಿ ಒರೆಸಿ ಬಂದು ರೊಟ್ಟಿ ತಟ್ಟಿದಳು.

ಅಪ್ಪ ಗಾಡಿ ಹೊರಗೆ ತೆಗೆದು ಬ್ರೇಕ್ ಒತ್ತಿದ. ಸದ್ದಿಲ್ಲ. ತಿರುವಿನ ತನಕ ಹೋದ, ಒತ್ತಿದ, ಬಂದ. ಸದ್ದಿಲ್ಲ. ರಾಜಣ್ಣ ಹೋಟೆಲಿನಿಂದ ಈಚೆಗೆ ಬಂದು ನಿಂತ. ಅಪ್ಪ ಅವನ ಮುಂದೆಯೇ ಮೂರ್ನಾಲ್ಕು ಸಲ ಹೋಗಿ ಬಂದ, ಮಕ್ಕಳು ಹೊಸ ಬುಗುರಿ ತೋರಿಸುವ ಹಾಗೆ.

"ಅಂಚು ಕಣೋ ರಾಜಣ್ಣ. ಅಂಚೇ ಅಂತ ನಂಗೆ ನಿನ್ನೇನೇ ಗೊತ್ತಾಯ್ತು. ಓರೆ ಹೊಡೆದೆ, ರಾತ್ರಿ ಶೂ ಕೂತ್ಕೊಂಡು ಸರಿಹೋಗಿದೆ."

ಅಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಕೈಗೆ ಹಿಟ್ಟು ಮೆತ್ತಿತ್ತು. ಅವಳು ನಗುತ್ತಿದ್ದಳು. ನಾನು ಕೊಡ ಇಳಿಸುತ್ತಾ ಅದನ್ನು ನೋಡಿ, ಅಪ್ಪ ಗೆದ್ದದ್ದಕ್ಕೆ ನಗುತ್ತಿದ್ದಾಳೆ ಅಂದುಕೊಂಡೆ. ಗೆದ್ದದ್ದು ತಾನು ಅಂತ ಅವಳಿಗೆ ಇತ್ತು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ದಿಬ್ಬದ ಕಡೆ ಹೊರಟ.

ಮಧ್ಯಾಹ್ನದ ಮುಂಚೆ ಅವನನ್ನು ಜಲ್ಲಿ ಲಾರಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು. ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಕೆಳಗೆ ರಸ್ತೆಗೆಂದು ಪೇರಿಸಿಟ್ಟಿದ್ದ ಸೈಜುಗಲ್ಲಿಗೆ ಹೋಗಿ ಹೊಡೆದ, ಗಾಡಿ ಅವನ ಬಲಗಾಲಿನ ಮೇಲೆ ಬಿತ್ತು. ರೆಡ್ಡಿಯವರು ಅಲ್ಲೇ ಕೊಡೆ ಹಿಡಿದು ನಿಂತಿದ್ದರಂತೆ, ಅವರ ಕಣ್ಣ ಮುಂದೆಯೇ. ತಿಲಕ್ ನಗರದಿಂದ ಹೊರಟಾಗಲೇ ಬ್ರೇಕು ಸ್ವಲ್ಪ ಜಾರುತ್ತಿದೆ ಅಂತ ಅಪ್ಪನಿಗೆ ಅನ್ನಿಸಿತ್ತಂತೆ. ಅರ ಹಾಕಿದ ಶೂ, ಕೂರಲು ನಾಲ್ಕು ದಿನ ಬೇಕು ಅಂದುಕೊಂಡು ಮುಂದಕ್ಕೆ ಹೋದ. ಕಿವಿಯನ್ನು ನಂಬಿದ, ಕಾಲನ್ನು ನಂಬಲಿಲ್ಲ. ಮೊಣಕಾಲು ಮತ್ತೆ ಮಡಿಸಲು ಆಗಲಿಲ್ಲ, ಕೊನೆಯ ತನಕ. ಕಿಕ್ ಹೊಡೆಯಲಾಗದವನು, ಕುಕ್ಕರುಗಾಲಲ್ಲಿ ಕೂರಲಾಗದವನು ಮೋಟಾರ್‌ಸೈಕಲ್ ಕೆಲಸ ಹೇಗೆ ಮಾಡುತ್ತಾನೆ. ಆದರೂ ಮಾಡುತ್ತಿದ್ದನೇನೋ. ಗಾಡಿ ಬಂದಿದ್ದರೆ ಮಣೆಯ ಮೇಲೆ ಕಾಲು ನೀಡಿಕೊಂಡೇ ಮಾಡುತ್ತಿದ್ದ.

ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ಮೊದಲು ಕೇಳಿದ್ದು ಹಿಂದಿನ ಚಕ್ರವನ್ನು. ರಾಜಣ್ಣನೇ ಬಂದು ಬಿಚ್ಚಿ ಚಾಪೆಯ ಪಕ್ಕಕ್ಕೆ ತಂದಿಟ್ಟು ಹೋದ. ನಾನು ಡಬ್ಬ ಹಿಡಿದು ಕೂತೆ. ಅಪ್ಪ ಪ್ಲಾಸ್ಟರ್ ಕಾಲು ನೀಡಿಕೊಂಡು, ಒರಗಿಕೊಂಡೇ ಡ್ರಮ್ಮನ್ನು ತೆಗೆದ. ಒಳಗೆ ಶೂಗಳ ಮೇಲೆ ಕರ್ರಗೆ ಗಸಿ ಕಟ್ಟಿತ್ತು. ಎರಡು ಬೆರಳಲ್ಲಿ ತೆಗೆದು ತಿಕ್ಕಿ ನೋಡಿದ. ಮೂಗಿಗೆ ಹಿಡಿದ. ವಾಸನೆ ನನಗೂ ಬಂತು, ಅದು ನನ್ನ ಜಡೆಯ ವಾಸನೆಯೇ. ಅಪ್ಪ ತಲೆ ಎತ್ತಿ ಅಡುಗೆಮನೆಯ ಕಡೆ ನೋಡಿದ. ಅಮ್ಮ ಅಲ್ಲಿ ಬೆನ್ನು ತಿರುಗಿಸಿಕೊಂಡು ಸೊಪ್ಪು ಬಿಡಿಸುತ್ತಿದ್ದಳು. ಎಷ್ಟು ಹೊತ್ತು ನೋಡಿದನೋ. ಆಮೇಲೆ ಪೆಟ್ರೋಲ್ ಡಬ್ಬ ತರಲು ಹೇಳಿ ಶೂ, ಡ್ರಮ್ಮು ಎಲ್ಲವನ್ನೂ ಚೊಕ್ಕ ತೊಳೆದ. ಬಟ್ಟೆಯನ್ನು ಒಲೆಗೆ ಹಾಕಿ ಬಾ ಅಂತ ನನ್ನ ಕೈಗೆ ಕೊಟ್ಟ. ಸಂಜೆ ನೋಡಲು ಬಂದವರೆಲ್ಲ ಏನಾಯ್ತು ಸೀನಣ್ಣ ಅಂದಾಗ ಒಂದೇ ಮಾತು ಹೇಳಿದ.

"ಬ್ರೇಕ್ ರಾಡಿನ ನಟ್ಟು ಬಿಗಿಯೋದು ಮರೆತುಬಿಟ್ಟೆ."

ಹೊರಗೆ ಆ ಮಾತು, ಒಳಗೆ ಮಾತೇ ಇಲ್ಲ. ಅಮ್ಮನ ಹತ್ತಿರ ಮಾತಾಡುವುದನ್ನು ಅವತ್ತಿನಿಂದ ನಿಲ್ಲಿಸಿದ. ಮುಂಚೆಯೂ ಹೆಚ್ಚೇನೂ ಇರಲಿಲ್ಲ ಅನ್ನಿ. ಈಗ ಉಪ್ಪು ಬೇಕಾದರೂ ನಿಮ್ಮಮ್ಮನಿಗೆ ಹೇಳು ಅಂತ ನನ್ನ ಮೂಲಕ. ಅಮ್ಮ ಎರಡು ಮಾರು ದೂರದಲ್ಲಿ ಕೂತಿರುತ್ತಿದ್ದಳು, ನಾನು ಅವನು ಹೇಳಿದ್ದನ್ನೇ ಮತ್ತೆ ಹೇಳಬೇಕಿತ್ತು. ಹೇಳದಿದ್ದರೆ ಉಪ್ಪು ಬರುತ್ತಿರಲಿಲ್ಲ. ಅಜ್ಜಿಗೂ ಅಮ್ಮನಿಗೂ ಬಾವಿಯ ಕಟ್ಟೆಯ ಹತ್ತಿರ ಒಂದು ಜಗಳವಾಯಿತು, ಹಲ್ಲು ಕಚ್ಚಿಕೊಂಡು, ಪಕ್ಕದ ಮನೆಗೆ ಕೇಳದ ಹಾಗೆ.

"ನಾನು ಬಾಗಿಲಿಗೆ ಅಂದೆ ಕಣೇ. ಗಾಡಿಗೆ ಅಂದ್ನಾ?"

"ಯಾವುದೂ ಇರಕೂಡದು ಅಂದ್ರಿ ಅತ್ತೆ. ಯಾವುದೂ ಅಂದ್ರೆ ಯಾವ್ಯಾವುದು ಅಂತ ನನಗೆ ಯಾರು ಹೇಳಿದಾರೆ ಈ ಮನೇಲಿ?"

ಅಜ್ಜಿ ಆಮೇಲೆ ಆ ವಿಷಯ ಎತ್ತಲಿಲ್ಲ. ಅಮ್ಮನಿಗೆ ಮಾತ್ರ ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಲು ಆಗಲಿಲ್ಲ. ರಾಗಿ ಬೀಸುತ್ತಾ ಕೂತಾಗ ನನ್ನ ಹತ್ತಿರವೇ ಎಲ್ಲ ಹೇಳಿದಳು, ಗಿಂಡಿ ಹಿಡಿದು ಹೋದದ್ದರಿಂದ ಹಿಡಿದು. ಹೇಳಿ ಮುಗಿಸಿ, ನಿಮ್ಮಪ್ಪ ಗೊತ್ತಿದ್ದೂ ಮುಚ್ಚಿಟ್ಟ, ಬೀದಿಯಲ್ಲಿ ನನ್ನ ಮಾನ ಉಳಿಸಿದ ಅಂದಳು. ಮಾತಾಡದಿದ್ದರೆ ಬೇಡ, ಅಷ್ಟು ಮಾಡಿದನಲ್ಲ, ದೇವರಂಥವನು ಅಂದಳು. ಅಂಥ ಮಾತು ಅವಳ ಬಾಯಲ್ಲಿ ನಾನು ಮೊದಲ ಸಲ ಕೇಳಿದ್ದು. ಆ ದಿನಗಳಲ್ಲಿ ಅವಳು ಬಾಳಿದ್ದೇ ಆ ಒಂದು ನಂಬಿಕೆಯ ಮೇಲೆ. ಅಪ್ಪನ ಪ್ಲಾಸ್ಟರ್ ಕಾಲಿನ ಬೆರಳುಗಳನ್ನು ಬಿಸಿನೀರಲ್ಲಿ ಒರೆಸುವಾಗ ಅವಳ ಕೈ ದೇವರ ವಿಗ್ರಹ ತೊಳೆಯುವ ಹಾಗೆ ಇರುತ್ತಿತ್ತು. ಅವನು ಗೋಡೆಯ ಕಡೆ ಮುಖ ಮಾಡಿಕೊಂಡಿರುತ್ತಿದ್ದ.

ಆದರೆ ಬೀದಿ ಬಿಡಲಿಲ್ಲ. ನಟ್ಟು ಬಿಗಿಯಲು ಮರೆತ ಮೆಕ್ಯಾನಿಕ್ಕಿನ ಹತ್ತಿರ ಯಾರು ಗಾಡಿ ಬಿಡುತ್ತಾರೆ. ರೆಡ್ಡಿಯವರ ಕೆಲಸ ಬೇರೆಯವನಿಗೆ ಹೋಯಿತು. ಗೋಡೆಗೆ ಒರಗಿಸಿಟ್ಟಿದ್ದ ಗಾಡಿಗಳನ್ನು ಒಬ್ಬೊಬ್ಬರೇ ಬಂದು ತಳ್ಳಿಕೊಂಡು ಹೋದರು, ನಿಮಗೆ ತೊಂದರೆ ಯಾಕೆ ಅಂತ ಹೇಳಿ. ಆಮೇಲೆ ಬಂದದ್ದು ಬರೀ ಸೀಮೆಎಣ್ಣೆ ಸ್ಟೌವು, ಕೊಡೆ ಕಡ್ಡಿ. ಅದನ್ನು ತಂದವರೂ ವಾಪಸ್ಸು ತೆಗೆದುಕೊಂಡು ಹೋಗುವಾಗ, ನಟ್ಟು ಬಿಗಿದಿದ್ದೀಯ ತಾನೆ ಸೀನಣ್ಣ ಅಂತ ನಗುತ್ತಿದ್ದರು. ಪ್ರತಿಯೊಬ್ಬರೂ ಅದನ್ನು ತಾವೇ ಮೊದಲು ಅಂದವರ ಹಾಗೆ ಅನ್ನುತ್ತಿದ್ದರು. ಅಪ್ಪ ಮಣೆಯ ಮೇಲೆ ಕೂತು ಬೀದಿ ನೋಡುತ್ತಿದ್ದ. ಅಮ್ಮ ವಠಾರದ ಮಾಲೀಕರ ಮನೆಯ ಪಾತ್ರೆ ತಿಕ್ಕಲು ಹೋಗತೊಡಗಿದಳು. ನಮ್ಮ ಮನೆಯ ಬಾಗಿಲುಗಳು ಕಿರುಗುಟ್ಟಿದವು, ಯಾರೂ ಎದ್ದು ನೋಡಲಿಲ್ಲ. ಅಪ್ಪನೂ ತಲೆ ಎತ್ತಲಿಲ್ಲ.

ಒಂದು ಸಂಜೆ ರಾಜಣ್ಣ ತನ್ನ ಸ್ಕೂಟರನ್ನು ಮೊದಲ ಸಲ ನಮ್ಮ ಬಾಗಿಲು ದಾಟಿಸಿ ಮುಂದಿನ ಬೀದಿಯ ಹೊಸ ಮೆಕ್ಯಾನಿಕ್ಕಿನ ಹತ್ತಿರ ತಳ್ಳಿಕೊಂಡು ಹೋಗಿ ಬಂದ. ಇಷ್ಟು ವರ್ಷದ ಟೀ, ಇಷ್ಟು ವರ್ಷದ ತಮಾಷೆ, ಎಲ್ಲ ಇದ್ದೂ. ಅವನು ವಾಪಸ್ಸು ಬರುವುದನ್ನು ಅಮ್ಮ ನೋಡಿದಳು. ತಿಕ್ಕುತ್ತಿದ್ದ ತಪ್ಪಲೆಯನ್ನು ಅಲ್ಲೇ ಬಿಟ್ಟು, ಒದ್ದೆ ಕೈಯಲ್ಲೇ ಸೆರಗು ಹೊದ್ದುಕೊಂಡು ಬೀದಿ ದಾಟಿ ಹೋಟೆಲಿನ ಮುಂದೆ ನಿಂತಳು. ಬೆಂಚಿನ ಮೇಲೆ ಗಂಡಸರು ಕೂತಿದ್ದರು. ಅವಳು ಆ ಬೆಂಚಿನ ಮುಂದೆ ಅದಕ್ಕೆ ಮೊದಲು ಯಾವತ್ತೂ ನಿಂತವಳಲ್ಲ. ನಾನು ಹಿಂದೆಯೇ ಓಡಿದೆ.

"ಇವರು ನಟ್ಟು ಬಿಗಿಯೋದು ಮರೀಲಿಲ್ಲ. ಬ್ರೇಕಿಗೆ ಹರಳೆಣ್ಣೆ ಬಿಟ್ಟೋಳು ನಾನು. ಕೂಗ್ತಿತ್ತು ಅಂತ ಬಿಟ್ಟೆ. ತಪ್ಪು ನಂದು. ಗಾಡಿ ಅವರ ಹತ್ರಾನೇ ತನ್ನಿ."

ಒಬ್ಬ ಟೀ ಲೋಟ ಕೆಳಗಿಟ್ಟ. ಎದುರಿಗೆ ನಮ್ಮ ಬಾಗಿಲಲ್ಲಿ ಅಪ್ಪ ಗೋಡೆ ಹಿಡಿದು ಎದ್ದು ನಿಂತಿದ್ದ. ಬೀದಿ ಅಗಲವೇನೂ ಇರಲಿಲ್ಲ, ಎಲ್ಲ ಕೇಳಿಸಿತ್ತು. ರಾಜಣ್ಣ ಅವನ ಕಡೆ ತಿರುಗಿದ.

"ಏನ್ ಸೀನಣ್ಣ, ಅಕ್ಕ ಹಿಂಗಂತಾರೆ. ಹೌದಾ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಒಂದಿಷ್ಟು ದಿನ ಜನ ಅಮ್ಮನನ್ನು ಆಡಿಕೊಂಡು ನಗುತ್ತಿದ್ದರು, ಪೆದ್ದಿ ಅನ್ನುತ್ತಿದ್ದರು, ಆಮೇಲೆ ಗಾಡಿಗಳು ಬರುತ್ತಿದ್ದವು. ಅಮ್ಮ ಅದಕ್ಕೆ ತಯಾರಾಗಿಯೇ ಬಂದು ನಿಂತಿದ್ದಳು. ನಾನು ಅಪ್ಪನ ಬಾಯನ್ನೇ ನೋಡುತ್ತಿದ್ದೆ.

"ಹೆಂಗಸರ ಮಾತು ಏನ್ ಕೇಳ್ತೀಯ. ನಟ್ಟು ನಾನೇ ಮರೆತದ್ದು."

ಬೆಂಚಿನ ಮೇಲಿದ್ದವರಿಗೆ ಉಸಿರು ಬಂತು. ರಾಜಣ್ಣನ ಕಣ್ಣಲ್ಲಿ ನೀರೇ ಬಂತು, ನಿಜ ಹೇಳುತ್ತೇನೆ. ಕೈ ಮುಗಿದ. ಗಂಡನ ತಪ್ಪನ್ನು ಮೈಮೇಲೆ ಹಾಕಿಕೊಳ್ಳಲು ಬಂದಿರಲ್ಲ ಅಕ್ಕ, ನಿಮ್ಮಂಥವರು ಇರೋದಕ್ಕೇ ಮಳೆ ಆಗ್ತಿರೋದು ಅಂದ. ಅಮ್ಮ ಅಲ್ಲ ಅಲ್ಲ ಅಂದಳು. ಹರಳೆಣ್ಣೆ ಗಿಂಡಿ ತಂದು ತೋರಿಸಲಾ ಅಂದಳು. ಅವಳು ಅಲ್ಲ ಅಂದಷ್ಟೂ ಅವರಿಗೆ ಭಕ್ತಿ ಹೆಚ್ಚಾಯಿತು. ಒಬ್ಬ ಮುದುಕ ಎದ್ದು ಬಂದು ನನ್ನ ತಲೆ ಸವರಿ, ಇಂಥ ತಾಯಿ ಹೊಟ್ಟೇಲಿ ಹುಟ್ಟಿದೀಯ ಮಗಳೆ ಅಂದ. ಗಾಡಿಯ ಮಾತು ಯಾರೂ ಎತ್ತಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮ ನಡುಮನೆಯಲ್ಲಿ ನಿಂತಳು. ನನ್ನ ಮೂಲಕ ಕೇಳಲಿಲ್ಲ, ನೇರವಾಗಿ ಕೇಳಿದಳು.

"ಇನ್ನೂ ಯಾಕ್ರೀ ನನ್ನ ಕಾಪಾಡ್ತೀರ? ನಾನೇ ಹೋಗಿ ಹೇಳಿದ ಮೇಲೂ? ಹೊಟ್ಟೆಗಿಲ್ಲದೆ ಸಾಯ್ತಿದೀವಿ."

ಅಪ್ಪ ಕಾಲು ನೀಡಿಕೊಂಡು ಮಣೆಯ ಮೇಲೆ ಕೂತ. ಅಷ್ಟು ದಿನಗಳ ಮೇಲೆ ಅವಳ ಮುಖ ನೋಡಿ ಮಾತಾಡಿದ. ಸಿಟ್ಟು ಇರಲಿಲ್ಲ, ಲೆಕ್ಕ ಹೇಳುವ ಹಾಗೆ ಹೇಳಿದ.

"ನಿನ್ನನ್ನ ಯಾರು ಕಾಪಾಡಿದ್ರು. ಅಂಚು ಹೊಡೆದು ಸದ್ದು ನಿಲ್ಲಿಸ್ದೆ ಅಂತ ಊರಿಗೆಲ್ಲ ಹೇಳಿದೀನಿ. ಎಣ್ಣೆಯಿಂದ ನಿಂತದ್ದು ಅಂದ್ರೆ ಆ ಸದ್ದು ಎಲ್ಲಿಂದ ಬರ್ತಿತ್ತು ಅಂತ ನಂಗೆ ಗೊತ್ತೇ ಆಗ್ಲಿಲ್ಲ ಅಂತ ಆಯ್ತು. ಮರೆತವನು ಅನ್ನಲಿ. ಗೊತ್ತಿಲ್ಲದವನು ಅನ್ನೋದು ಬೇಡ."

ಅಮ್ಮ ಒಳಗೆ ಹೋಗಿ ಬಿಟ್ಟು ಬಂದಿದ್ದ ತಪ್ಪಲೆ ತಿಕ್ಕಿದಳು. ಹೇಳಿದ ಮೇಲೆ ಅಪ್ಪನಿಗೆ ಏನೋ ಹಗುರವಾದ ಹಾಗಿತ್ತು. ಅವತ್ತೇ ರಾತ್ರಿ ಊಟಕ್ಕೆ ಕೂತು, ಸಾಕಮ್ಮಾ, ಸಾರು ಬಿಡು ಅಂದ. ಅವಳು ಬಿಟ್ಟಳು. ಮಾರನೆಯ ದಿನವೂ ಮಾತಾಡಿಸಿದ. ನೀರು ಕೇಳಿದ, ಬೀಡಿ ಕೇಳಿದ, ಕಾಲು ನೋಯುತ್ತಿದೆ ಅಂದ. ಅವಳು ಎಲ್ಲ ಕೊಟ್ಟಳು, ಎಲ್ಲ ಮಾಡಿದಳು, ಬಾಯಿ ಮಾತ್ರ ಬಿಡಲಿಲ್ಲ. ಅಜ್ಜಿ ಹೋದಾಗಲೂ ಬಿಡಲಿಲ್ಲ. ನನ್ನ ಮದುವೆಯ ಮಾತುಕತೆಯಲ್ಲೂ ಅಪ್ಪ ಏನಂತೀಯ ಅಂದಾಗ ತಲೆಯಾಡಿಸಿದಳು, ಅಷ್ಟೇ. ಅಷ್ಟು ವರ್ಷ ಒಂದು ಮನೆಯಲ್ಲಿ ಒಬ್ಬರು ಮಾತಾಡಿ ಇನ್ನೊಬ್ಬರು ಸುಮ್ಮನಿರುವುದನ್ನು ನೋಡಿ ಬೆಳೆದವಳು ನಾನು. ಈಗ ವಸಂತಪುರದಲ್ಲಿ ಮಗನ ಮನೆಯಲ್ಲಿದ್ದೇನೆ. ಅತ್ತೆ ಬಾಯಿ ಜೋರು ಅಂತ ಸೊಸೆ ಫೋನಿನಲ್ಲಿ ತನ್ನ ತಾಯಿಗೆ ಹೇಳುವುದು ನನಗೆ ಕೇಳಿಸುತ್ತದೆ. ಹೇಳಲಿ. ಅವಳಿಗೂ ತಿರುಗಿ ಅನ್ನು ಅಂತಲೇ ಹೇಳಿದ್ದೇನೆ. ಅನ್ನುತ್ತಾಳೆ, ಪರವಾಗಿಲ್ಲ.

ಬೀದಿಯವರಿಗೆ ಒಳಗಿನದು ಗೊತ್ತಾಗಲೇ ಇಲ್ಲ. ಅವರಿಗೆ ಅಮ್ಮ ದೊಡ್ಡ ಪತಿವ್ರತೆಯಾಗಿಬಿಟ್ಟಳು. ಮದುವೆ ಮನೆಯಲ್ಲಿ ಹೆಣ್ಣಿಗೆ ಮೊದಲ ಅರಿಸಿನ ಹಚ್ಚಲು ಅವಳನ್ನು ಕರೆಯುತ್ತಿದ್ದರು. ಅವಳು ಹೋಗಿ ಹಚ್ಚಿ, ಕೊಟ್ಟ ಬಾಗಿನ ತೆಗೆದುಕೊಂಡು ಬರುತ್ತಿದ್ದಳು, ಅದರಲ್ಲಿದ್ದ ಅಕ್ಕಿ ನಮಗೆ ಬೇಕಿತ್ತು. ಹೊಸದಾಗಿ ಮದುವೆಯಾದವರನ್ನು ಅವಳ ಕಾಲಿಗೆ ಬೀಳಿಸುತ್ತಿದ್ದರು. ಅವಳು ಏನೂ ಹರಸುತ್ತಿರಲಿಲ್ಲ. ಮನಸ್ಸಿನಲ್ಲೇ ಹರಸುತ್ತಾರೆ ಅಂತ ಜನ ಅನ್ನುತ್ತಿದ್ದರು.

ಅಪ್ಪ ಸತ್ತ ದಿನ ನಾನು ಬೆಳಿಗ್ಗೆಯೇ ಗಂಡನ ಮನೆಯಿಂದ ಬಂದೆ. ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಬೀದಿಯ ಹೆಂಗಸರೆಲ್ಲ ಕೂತಿದ್ದರು, ಅಮ್ಮ ಅವರ ನಡುವೆ ಗೋಡೆಗೆ ಒರಗಿ ಕೂತಿದ್ದಳು. ಅವಳ ಕಣ್ಣು ಒಣಗಿತ್ತು. ಅತ್ತುಬಿಡು ಸಾಕಮ್ಮ, ಎದೇಲಿ ಇಟ್ಕೋಬೇಡ ಅಂತ ಒಬ್ಬಳು ಬೆನ್ನು ಸವರಿದಳು. ಇಂಥ ಗಂಡ ಹೆಂಡತಿ ಇನ್ನು ಹುಟ್ಟಲ್ಲ ಅಂತ ಇನ್ನೊಬ್ಬಳು ಅತ್ತಳು. ರಾಜಣ್ಣ ಬಾಗಿಲಲ್ಲಿ ನಿಂತು ಮೂಗು ಒರೆಸಿಕೊಂಡು, ದುಃಖಕ್ಕೆ ಅಕ್ಕನ ಮಾತೇ ನಿಂತುಹೋಗಿದೆ ನೋಡಿ ಅಂದ. ಅಮ್ಮ ಅವನನ್ನು ಒಮ್ಮೆ ನೋಡಿದಳು. ಆಮೇಲೆ ಮಂಡಿಗೆ ಕೈಕೊಟ್ಟು ಎದ್ದು, ಹೆಂಗಸರ ನಡುವೆ ದಾರಿ ಮಾಡಿಕೊಂಡು ಒಳಗೆ ಹೋಗಿ, ಬಚ್ಚಲ ಹಂಡೆಗೆ ನೀರು ತುಂಬಿ ಉರಿ ಹಚ್ಚಿದಳು. ಹೆಣ ಎತ್ತಿದ ಮೇಲೆ ಎಲ್ಲರೂ ಸ್ನಾನ ಮಾಡಬೇಕಿತ್ತು.